ಕದ್ದದ್ದು ನೋಟ್ಸಿನಲ್ಲಿ, ಸಿಕ್ಕಿಬಿದ್ದದ್ದು ಪ್ರಬಂಧದಲ್ಲಿ

ಪ್ರಬಂಧ ಬರೆಯಲು ಹೊರಟ ವಿದ್ಯಾರ್ಥಿಗೆ ಕೃತಿಚೌರ್ಯದ ಬಗ್ಗೆ ಸಿಗುವ ಮೊದಲ ಪಾಠ ಸಾಮಾನ್ಯವಾಗಿ ಒಂದು ಬೆದರಿಕೆ. ಸೆಮಿಸ್ಟರಿನ ಶುರುವಿನಲ್ಲಿ ಹಂಚುವ ಸೂಚನಾಪತ್ರದ ಕೊನೆಯಲ್ಲಿ ಅದಿರುತ್ತದೆ: ನಕಲು ಮಾಡಿದರೆ ಸೊನ್ನೆ, ಮತ್ತೆ ಮಾಡಿದರೆ ಶಿಸ್ತುಕ್ರಮ. ಎರಡನೆಯ ಪಾಠ ಸಿಗುವುದು ಪ್ರಬಂಧ ಒಪ್ಪಿಸುವ ಹೊತ್ತಿಗೆ. ಲೇಖಕರ ಹೆಸರಾದ ಮೇಲೆ ಅಲ್ಪವಿರಾಮವೋ ಚುಕ್ಕೆಯೋ, ಇಸವಿ ಆವರಣದ ಒಳಗೋ ಹೊರಗೋ, ಪುಸ್ತಕದ ಹೆಸರು ಓರೆ ಅಕ್ಷರದಲ್ಲೋ ನೆಟ್ಟಗೋ. ಈ ಎರಡು ಪಾಠಗಳ ನಡುವೆ ತಿಂಗಳುಗಟ್ಟಲೆ ಸಮಯವಿದೆ. ವಿದ್ಯಾರ್ಥಿ ಹುಡುಕುವುದು, ಓದುವುದು, ಗುರುತು ಹಾಕುವುದು, ನೋಟ್ಸ್ ಮಾಡಿಕೊಳ್ಳುವುದು ಎಲ್ಲವೂ ಆಗಲೇ. ಆ ಅವಧಿಯಲ್ಲಿ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳುವುದಿಲ್ಲ. ವರ್ಷಗಳಿಂದ ವಿದ್ಯಾರ್ಥಿಗಳ ಕರಡುಗಳನ್ನು ತಿದ್ದುತ್ತ ಬಂದಿರುವ ನನಗೆ ಅನ್ನಿಸಿರುವುದು ಇಷ್ಟು: ಕಳವು ನಡೆಯುವುದು ಬಹುಪಾಲು ಆ ನಡುವಿನ ಅವಧಿಯಲ್ಲೇ. ಪ್ರಬಂಧದಲ್ಲಿ ಅದು ಹೊರಗೆ ಕಾಣುತ್ತದೆ, ಅಷ್ಟೆ.

ಕಳವು ಎಂಬ ಮಾತನ್ನು ಸ್ವಲ್ಪ ತಡೆದೇ ಬಳಸಬೇಕು. ಬೇರೆಯವರ ಪ್ರಬಂಧಕ್ಕೆ ತಮ್ಮ ಹೆಸರು ಹಚ್ಚುವವರಿದ್ದಾರೆ, ದುಡ್ಡು ಕೊಟ್ಟು ಬರೆಸುವವರಿದ್ದಾರೆ. ಅವರಿಗೆ ಉಲ್ಲೇಖದ ನಿಯಮ ಕಲಿಸಿ ಪ್ರಯೋಜನವಿಲ್ಲ, ನಿಯಮ ಅವರಿಗೆ ಗೊತ್ತೇ ಇರುತ್ತದೆ. ಅಂಥವರಿಗೆ ಶಿಸ್ತುಸಮಿತಿ ಇದೆ. ನಾನು ಬರೆಯುತ್ತಿರುವುದು ಉಳಿದವರ ಬಗ್ಗೆ, ಅಂದರೆ ಹೆಚ್ಚಿನವರ ಬಗ್ಗೆ. ಕರಡಿನ ಒಂದು ಪ್ಯಾರಾ ತೋರಿಸಿ "ಇದು ನಿಮ್ಮ ಮಾತೇನಾ?" ಎಂದು ಕೇಳಿದಾಗ ನಿಜವಾಗಿಯೂ ಗೊತ್ತಿಲ್ಲದೆ ಮುಖ ನೋಡುವವರು ಇವರು.

ಯಾಕೆ ಗೊತ್ತಿರುವುದಿಲ್ಲ ಎಂದು ತಿಳಿಯಬೇಕಾದರೆ ಅವರ ನೋಟ್ಸ್ ಫೈಲು ತೆರೆಸಿ ನೋಡಬೇಕು. ಒಂದೇ ಉದ್ದನೆಯ ಫೈಲು. ಬ್ರೌಸರಿನಲ್ಲಿ ಹತ್ತು ಟ್ಯಾಬು ತೆರೆದಿಟ್ಟುಕೊಂಡು ಅಲ್ಲಿಂದೊಂದು ಪ್ಯಾರಾ, ಇಲ್ಲಿಂದೆರಡು ಸಾಲು ತಂದು ಅಂಟಿಸಿರುತ್ತಾರೆ. ಅಂಟಿಸಿದ ತಕ್ಷಣ ಅಕ್ಷರದ ಗಾತ್ರ, ಬಣ್ಣ ಎಲ್ಲ ಒಂದೇ ಆಗುವಂತೆ ಸರಿಪಡಿಸುತ್ತಾರೆ, ನೋಡಲು ಚೆನ್ನಾಗಿರಲಿ ಎಂದು. ನಡುನಡುವೆ ತಮಗೆ ಹೊಳೆದದ್ದನ್ನೂ ಬರೆದಿರುತ್ತಾರೆ. ಎಲ್ಲಿಯೂ ಪುಟಸಂಖ್ಯೆ ಇಲ್ಲ, ಉದ್ಧರಣ ಚಿಹ್ನೆ ಇಲ್ಲ, ಬಹಳವೆಂದರೆ ಎಲ್ಲೋ ಒಂದು ಕಡೆ ಲಿಂಕು. ಮೂರು ವಾರ ಬಿಟ್ಟು ಆ ಫೈಲನ್ನು ಮುಂದಿಟ್ಟುಕೊಂಡು ಬರೆಯಲು ಕೂತಾಗ ಯಾವುದು ತಾನು ಬರೆದದ್ದು, ಯಾವುದು ಎತ್ತಿಕೊಂಡದ್ದು ಎಂಬುದು ಅವರಿಗಷ್ಟೇ ಏಕೆ, ಯಾರಿಗೂ ತಿಳಿಯುವುದಿಲ್ಲ. ಪದೇಪದೇ ಓದಿದ ವಾಕ್ಯ ತನ್ನದೇ ಎಂದು ಅನ್ನಿಸತೊಡಗುತ್ತದೆ.

ಇದು ಪದವಿ ವಿದ್ಯಾರ್ಥಿಗಳ ಸಮಸ್ಯೆ ಮಾತ್ರ ಎಂದುಕೊಳ್ಳಬೇಕಿಲ್ಲ. 2011ರಲ್ಲಿ ಜರ್ಮನಿಯ ರಕ್ಷಣಾ ಸಚಿವರಾಗಿದ್ದ ಕಾರ್ಲ್ ಥಿಯೋಡೋರ್ ತ್ಸು ಗುಟ್ಟೆನ್‌ಬೆರ್ಗ್ ಕೃತಿಚೌರ್ಯದ ಕಾರಣಕ್ಕೆ ಡಾಕ್ಟರೇಟ್ ಕಳೆದುಕೊಂಡರು, ಕೆಲವೇ ದಿನಗಳಲ್ಲಿ ಸಚಿವ ಸ್ಥಾನವನ್ನೂ ಬಿಟ್ಟರು. ಅಂತರ್ಜಾಲದಲ್ಲಿ ಒಟ್ಟುಗೂಡಿದ ಓದುಗರು ಅವರ ಮಹಾಪ್ರಬಂಧದ ಪುಟಪುಟವನ್ನೂ ಮೂಲಗಳ ಪಕ್ಕ ಇಟ್ಟು ತೋರಿಸಿದ್ದರು. ವರ್ಷಗಟ್ಟಲೆ ಬೇರೆಬೇರೆ ಡಿಸ್ಕುಗಳಲ್ಲಿ ಹರಡಿಹೋಗಿದ್ದ ಟಿಪ್ಪಣಿಗಳ ಗೋಜಲಿನಲ್ಲಿ ಯಾವುದು ಯಾರದೆಂದು ತಪ್ಪಿಹೋಯಿತು ಎಂಬುದು ಆಮೇಲೆ ಅವರು ಕೊಟ್ಟ ಸಮಜಾಯಿಷಿ. ವಿಶ್ವವಿದ್ಯಾಲಯದ ತನಿಖಾ ಸಮಿತಿ ಅದನ್ನು ಒಪ್ಪಲಿಲ್ಲ, ಬೇಕೆಂದೇ ಮಾಡಿದ್ದು ಎಂದು ಹೇಳಿತು. ಅವರ ವಿಷಯದಲ್ಲಿ ಆ ಸಮಜಾಯಿಷಿ ಸುಳ್ಳಿರಬಹುದು. ನಮ್ಮ ವಿದ್ಯಾರ್ಥಿಗಳು ಅದನ್ನೇ ಹೇಳಿದಾಗ ಹೆಚ್ಚಿನ ಸಲ ನಿಜವೇ ಇರುತ್ತದೆ. ತೊಂದರೆ ಏನೆಂದರೆ, ಓದುವವನ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಆದ್ದರಿಂದ ನಾನು ಉಲ್ಲೇಖದ ಪಾಠವನ್ನು ನೋಟ್ಸಿನಿಂದ ಶುರುಮಾಡುತ್ತೇನೆ. ನಿಯಮ ಸರಳ. ಒಂದು ಸಾಲನ್ನು ಇದ್ದಹಾಗೇ ಎತ್ತಿಕೊಂಡರೆ, ಎತ್ತಿಕೊಂಡ ಆ ಗಳಿಗೆಯಲ್ಲೇ ಅದಕ್ಕೆ ಉದ್ಧರಣ ಚಿಹ್ನೆ ಹಾಕಿ ಪುಟಸಂಖ್ಯೆ ಬರೆಯಬೇಕು. ಆಮೇಲೆ ಹಾಕಿದರಾಯಿತು ಎಂಬ ಮಾತೇ ಇಲ್ಲ. ಮೂಲದ ವಿಚಾರವನ್ನು ತನ್ನ ಮಾತಿನಲ್ಲಿ ಬರೆದುಕೊಂಡರೆ ಚಿಹ್ನೆ ಬೇಡ, ಪುಟಸಂಖ್ಯೆ ಬೇಕು. ಓದುವಾಗ ತನಗೇ ಹೊಳೆದದ್ದಾದರೆ ಅದರ ಮುಂದೆ 'ನಾನು' ಎಂದು ಬರೆದುಕೊಳ್ಳಬೇಕು. ಬಣ್ಣ ಬಳಸುವವರು ಬಣ್ಣ ಬಳಸಲಿ, ಕೈಬರಹದವರು ಪುಟವನ್ನು ಎರಡಾಗಿ ಗೆರೆಯೆಳೆದು ಎಡಗಡೆ ಅವರ ಮಾತು, ಬಲಗಡೆ ತಮ್ಮ ಮಾತು ಬರೆಯಲಿ. ವಿಧಾನ ಯಾವುದಾದರೂ ಸರಿ, ತಿಂಗಳ ನಂತರ ತೆರೆದರೂ ಯಾರ ಮಾತು ಯಾವುದೆಂದು ಒಂದೇ ನೋಟಕ್ಕೆ ತಿಳಿಯಬೇಕು. ಇದರಿಂದ ಇನ್ನೊಂದು ಲಾಭವೂ ಇದೆ. ಬಲಗಡೆಯ ಅಂಕಣ ಖಾಲಿ ಖಾಲಿಯಾಗಿ ಉಳಿದಾಗ ವಿದ್ಯಾರ್ಥಿಗೇ ಮುಜುಗರವಾಗಿ, ಏನಾದರೂ ಯೋಚಿಸಲು ಶುರುಮಾಡುತ್ತಾನೆ.

ನೋಟ್ಸ್ ಸರಿಯಾದರೂ ಮುಂದಿನ ತೊಡಕು ಕಾದಿರುತ್ತದೆ: ತನ್ನ ಮಾತಿನಲ್ಲಿ ಬರೆಯುವುದು. "ನಿಮ್ಮದೇ ಮಾತಿನಲ್ಲಿ ಬರೆಯಿರಿ" ಎಂದು ಹೇಳಿಬಿಡುವುದು ಸುಲಭ. ಹೇಗೆ ಎಂದು ಯಾರೂ ತೋರಿಸಿಕೊಡದ ಕಾರಣ ವಿದ್ಯಾರ್ಥಿಗಳು ಅದನ್ನು ಪದ ಬದಲಿಸುವ ಆಟವೆಂದು ತಿಳಿಯುತ್ತಾರೆ. ತರಗತಿಗಾಗಿ ನಾನೇ ಬರೆದಿಟ್ಟುಕೊಂಡ ಒಂದು ಮಾದರಿ ಇದೆ, ಇಲ್ಲಿ ಕೊಡುತ್ತೇನೆ. ಮೂಲ ಹೀಗಿದೆ ಎಂದುಕೊಳ್ಳಿ:

"ಮಿಂಚು ಹಾಯುವ ಹಾದಿಯಲ್ಲಿನ ಗಾಳಿ ಕ್ಷಣಮಾತ್ರದಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಹೀಗೆ ಕಾದ ಗಾಳಿ ಒಮ್ಮೆಲೇ ಹಿಗ್ಗಿ ಸುತ್ತಲಿನ ಗಾಳಿಯನ್ನು ರಭಸದಿಂದ ತಳ್ಳುತ್ತದೆ. ಆ ತಳ್ಳುವಿಕೆಯೇ ನಮಗೆ ಗುಡುಗಾಗಿ ಕೇಳಿಸುತ್ತದೆ."

ಇದನ್ನು 'ಸ್ವಂತ ಮಾತಿನಲ್ಲಿ' ಬರೆಯಲು ಹೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ:

"ಮಿಂಚು ಸಾಗುವ ದಾರಿಯಲ್ಲಿರುವ ವಾಯು ಕ್ಷಣಾರ್ಧದಲ್ಲಿ ಸರಿಸುಮಾರು 30,000 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗುತ್ತದೆ. ಈ ರೀತಿ ಬಿಸಿಯಾದ ವಾಯು ಒಮ್ಮೆಗೇ ವಿಸ್ತರಿಸಿ ಅಕ್ಕಪಕ್ಕದ ವಾಯುವನ್ನು ವೇಗವಾಗಿ ನೂಕುತ್ತದೆ. ಆ ನೂಕುವಿಕೆಯೇ ನಮಗೆ ಗುಡುಗಿನಂತೆ ಕೇಳುತ್ತದೆ."

ಗಾಳಿ ವಾಯುವಾಯಿತು, ಹಾದಿ ದಾರಿಯಾಯಿತು, ತಳ್ಳಿದ್ದು ನೂಕಿದ್ದಾಯಿತು. ವಾಕ್ಯದ ಅಸ್ಥಿಪಂಜರ ಮಾತ್ರ ಅಲುಗಿಲ್ಲ. ಪೂರ್ಣವಿರಾಮ ಕೂಡ ಇದ್ದಲ್ಲೇ ಇದೆ. ಇದರ ಕೊನೆಗೆ ಮೂಲ ಲೇಖಕರ ಹೆಸರು ಹಾಕಿದರೂ ಅರ್ಧ ಸುಳ್ಳು ಹಾಗೇ ಉಳಿಯುತ್ತದೆ. ವಿಚಾರ ಅವರದು, ವಾಕ್ಯ ವಿದ್ಯಾರ್ಥಿಯದು ಎಂದು ಓದುಗ ತಿಳಿಯುತ್ತಾನೆ, ಆದರೆ ವಾಕ್ಯವೂ ಅವರದೇ. ಪುಸ್ತಕ ಮುಚ್ಚಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಪಕ್ಕದವರಿಗೆ ವಿವರಿಸುವ ಹಾಗೆ ಬರೆಯಿರಿ ಎಂದಾಗ ಬೇರೆ ಥರದ ಉತ್ತರ ಬರುತ್ತದೆ:

"ಮೋಡಕ್ಕೆ ಮೋಡ ಢಿಕ್ಕಿ ಹೊಡೆದು ಗುಡುಗು ಹುಟ್ಟುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ. ಸದ್ದಿಗೆ ನಿಜವಾದ ಕಾರಣ ಬಿಸಿ. ಮಿಂಚಿನ ಶಾಖಕ್ಕೆ ಸಿಕ್ಕಿದ ಗಾಳಿ ಸ್ಫೋಟಿಸಿದಂತೆ ಹಿಗ್ಗುತ್ತದೆ (ಲೇಖಕರ ಹೆಸರು, ಇಸವಿ, ಪುಟ). ಹಾಗಾಗಿ ಮಿಂಚಿಲ್ಲದೆ ಗುಡುಗಿಲ್ಲ. ಮಿಂಚು ಕಾಣದೆ ಗುಡುಗು ಮಾತ್ರ ಕೇಳಿಸಿದರೆ ಮಿಂಚು ನಮ್ಮ ಕಣ್ಣಿಗೆ ಮರೆಯಾಗಿತ್ತು ಎಂದಷ್ಟೇ ಅರ್ಥ."

ಇಲ್ಲಿ ಬರೆದವರಿಗೆ ತನ್ನದೊಂದು ಉದ್ದೇಶ ಇದೆ. ಮೂಲದಿಂದ ಒಂದು ಸಂಗತಿಯನ್ನು ಮಾತ್ರ ತೆಗೆದುಕೊಂಡು, ಎಲ್ಲಿಂದ ಎಂದು ಹೇಳಿ, ಅದರ ಮೇಲೆ ತನ್ನ ಮಾತು ಕಟ್ಟಿದ್ದಾರೆ. ಮೂವತ್ತು ಸಾವಿರ ಡಿಗ್ರಿಯನ್ನು ಬಿಟ್ಟದ್ದನ್ನೂ ಗಮನಿಸಿ. ಈ ವಾದಕ್ಕೆ ಅದು ಬೇಕಿರಲಿಲ್ಲ. ಬೇಡದ್ದನ್ನು ಬಿಡಲು ಬಂದರೆ ವಿಷಯ ಅರ್ಥವಾಗಿದೆ ಎಂದು ಲೆಕ್ಕ. ಪದ ಬದಲಿಸುವವರು ಏನನ್ನೂ ಬಿಡುವುದಿಲ್ಲ, ಯಾವುದು ಮುಖ್ಯ ಎಂದು ತಿಳಿಯದ ಕಾರಣ ಎಲ್ಲವನ್ನೂ ಹೊತ್ತುಕೊಂಡು ಬರುತ್ತಾರೆ.

ಈ ಪದ ಬದಲಿಸುವ ಬರವಣಿಗೆಯ ಬಗ್ಗೆ ಅಮೆರಿಕದ ಬರವಣಿಗೆ ಅಧ್ಯಾಪಕಿ ರೆಬೆಕ್ಕಾ ಮೂರ್ ಹೊವಾರ್ಡ್ 1990ರ ದಶಕದಲ್ಲಿ ಬರೆದದ್ದು ನನಗೆ ಒಪ್ಪಿತವಾದ ಮಾತು. ಇದನ್ನು ಅಪರಾಧವೆಂದು ನೋಡುವ ಬದಲು ಕಲಿಕೆಯ ಒಂದು ಹಂತವೆಂದು ನೋಡಬೇಕು, ತನಗೆ ಪೂರ್ತಿ ಅರ್ಥವಾಗದ ಪಠ್ಯದ ಮುಂದೆ ಕುಳಿತ ಹೊಸಬರು ಹೀಗೆಯೇ ತಡವರಿಸುತ್ತ ಬರೆಯುತ್ತಾರೆ ಎಂಬುದು ಅವರ ವಾದ. ಆಮೇಲೆ ಅವರೂ ಸಹೋದ್ಯೋಗಿಗಳೂ ಸೇರಿ 16 ಕಾಲೇಜುಗಳ 174 ವಿದ್ಯಾರ್ಥಿ ಪ್ರಬಂಧಗಳನ್ನು ತೆಗೆದುಕೊಂಡು, ಅವುಗಳಲ್ಲಿನ ಉಲ್ಲೇಖಗಳನ್ನು ಮೂಲದ ಜೊತೆ ಇಟ್ಟು ನೋಡಿದರು. ಕಂಡದ್ದೇನು? ವಿದ್ಯಾರ್ಥಿಗಳು ಎತ್ತಿಕೊಂಡದ್ದರಲ್ಲಿ ಬಹುಪಾಲು ಮೂಲದ ಮೊದಲ ಒಂದೆರಡು ಪುಟಗಳದ್ದು. ಇಡೀ ಲೇಖನದ ವಾದವನ್ನು ಸಂಗ್ರಹಿಸಿ ಹೇಳಿದ ಉದಾಹರಣೆಗಳು ತೀರ ವಿರಳ. ಸಾಲು ಹಿಡಿದು ಕೆಲಸ ಮಾಡಿದ್ದರು, ಲೇಖನ ಹಿಡಿದು ಅಲ್ಲ. ಉಲ್ಲೇಖದ ಚುಕ್ಕೆ-ಗೆರೆ ಎಷ್ಟು ಕಲಿಸಿದರೂ ಇದಕ್ಕೆ ಮದ್ದಾಗುವುದಿಲ್ಲ. ಇದು ಓದಿನ ಕೊರತೆ. ಹಾಗಾಗಿ ನಾನು ಹತ್ತು ಮೂಲ ಬೇಕೇಬೇಕು ಎಂದು ಹಟಹಿಡಿಯುವುದನ್ನು ಬಿಟ್ಟು, ಮೂರನ್ನು ಕೊನೆಯ ಪುಟದವರೆಗೂ ಓದಿ, ಒಂದೊಂದರ ಸಾರವನ್ನೂ ಅರ್ಧ ಪುಟದಲ್ಲಿ ಬರೆದು ತನ್ನಿ ಎನ್ನುತ್ತೇನೆ. ಅರ್ಧ ಪುಟಕ್ಕೆ ಇಳಿಸಬೇಕೆಂದರೆ ಕಾಪಿ-ಪೇಸ್ಟ್ ಕೆಲಸಕ್ಕೆ ಬರುವುದಿಲ್ಲ.

ತರಗತಿಯಲ್ಲಿ ತಪ್ಪದೆ ಬರುವ ಪ್ರಶ್ನೆ: "ನನ್ನ ಮಾತಿನಲ್ಲೇ ಬರೆದಿದ್ದೇನಲ್ಲ ಮೇಡಂ, ಮತ್ತೆ ಅವರ ಹೆಸರು ಯಾಕೆ?" ಪ್ರಾಮಾಣಿಕ ಪ್ರಶ್ನೆ ಇದು. ಋಣ, ನೀತಿ ಎಂದೆಲ್ಲ ಉಪದೇಶಿಸಿದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ನನ್ನ ಉತ್ತರ ಓದುಗನ ಕಡೆಯಿಂದ ಬರುತ್ತದೆ. ನೀವು ಹೇಳಿದ್ದು ನಿಜವೋ ಎಂದು ನೋಡಬೇಕೆನಿಸಿದ ಓದುಗ ಎಲ್ಲಿಗೆ ಹೋಗಬೇಕು? ಪುಸ್ತಕದ ಹೆಸರು, ಆವೃತ್ತಿ, ಪುಟ ಕೊಟ್ಟರೆ ಹತ್ತು ನಿಮಿಷದಲ್ಲಿ ಅವನು ಅಲ್ಲಿರುತ್ತಾನೆ. ನೀವು ಮೂಲವನ್ನು ತಪ್ಪಾಗಿ ತಿಳಿದಿದ್ದರೆ ಅವನಿಗೆ ಗೊತ್ತಾಗುತ್ತದೆ. ಮೂಲವೇ ತಪ್ಪಿದ್ದರೆ ಅದೂ ಗೊತ್ತಾಗುತ್ತದೆ, ನಿಮ್ಮ ಮೇಲೆ ಗೂಬೆ ಕೂರುವುದಿಲ್ಲ.

ಈ ದಾರಿ ಎಷ್ಟು ಸುಲಭವಾಗಿ ಕೆಡುತ್ತದೆ ಎಂಬುದಕ್ಕೆ ಎರಡು ಪ್ರಸಂಗ ಹೇಳುತ್ತೇನೆ, ವಿದ್ಯಾರ್ಥಿಗಳು ಕಿವಿ ನಿಮಿರಿಸಿ ಕೇಳುವುದು ಇವೆರಡನ್ನೇ. 2003ರಲ್ಲಿ ಸಿಮ್‌ಕಿನ್ ಮತ್ತು ರಾಯ್‌ಚೌಧುರಿ ಎಂಬ ಇಬ್ಬರು ಸಂಶೋಧಕರು ಸುಮಾರು 4,300 ಸಲ ಉಲ್ಲೇಖಗೊಂಡಿದ್ದ ಒಂದು ಪ್ರಸಿದ್ಧ ಪ್ರಬಂಧವನ್ನು ತೆಗೆದುಕೊಂಡು, ಉಲ್ಲೇಖಿಸಿದವರು ಅದರ ಸಂಪುಟ, ಪುಟ, ಇಸವಿಗಳನ್ನು ಸರಿಯಾಗಿ ಬರೆದಿದ್ದಾರೆಯೇ ಎಂದು ನೋಡಿದರು. 196 ಕಡೆ ತಪ್ಪಿತ್ತು. ಆದರೆ ಬೇರೆಬೇರೆ ಬಗೆಯ ತಪ್ಪುಗಳು ಇದ್ದದ್ದು 45 ಮಾತ್ರ. ಒಂದೇ ಒಂದು ತಪ್ಪು ಪುಟಸಂಖ್ಯೆ 78 ಸಲ ಕಾಣಿಸಿಕೊಂಡಿತ್ತು! ಎಪ್ಪತ್ತೆಂಟು ಜನ ತಮ್ಮಷ್ಟಕ್ಕೆ ತಾವೇ ಒಂದೇ ಅಂಕಿಯನ್ನು ತಪ್ಪಾಗಿ ಬರೆಯುವುದು ಸಾಧ್ಯವಿಲ್ಲ; ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ಇಳಿಸಿಕೊಂಡಿದ್ದಾರೆ. ಈ ಲೆಕ್ಕದಿಂದ ಅವರು ಅಂದಾಜಿಸಿದ್ದು, ಉಲ್ಲೇಖಿಸುವವರಲ್ಲಿ ಮೂಲವನ್ನು ಓದಿರುವವರು ಐದರಲ್ಲಿ ಒಬ್ಬರಷ್ಟೇ ಎಂದು. ಅಂದಾಜು ಅಷ್ಟು ಕಟುವಾಗಿರಬೇಕಿಲ್ಲ ಎಂದು ವಾದಿಸಬಹುದು. ಓದಿದವರೂ ಸೋಮಾರಿತನಕ್ಕೆ ನಮೂದನ್ನು ಬೇರೆಡೆಯಿಂದ ಇಳಿಸಿಕೊಂಡಿರಬಹುದಲ್ಲ. ಹಾಗಿದ್ದರೂ ಎಪ್ಪತ್ತೆಂಟು ಎಂಬ ಅಂಕಿ ಅಲ್ಲಿಯೇ ಇದೆ.

ಎರಡನೆಯದು ಇನ್ನೂ ಮಜಾ ಇದೆ. ಒಂದು ದೊಡ್ಡ ಪ್ರಕಾಶನ ಸಂಸ್ಥೆ ಲೇಖಕರಿಗೆಂದು ಕೊಡುವ ಮಾದರಿ ಕಡತದಲ್ಲಿ, ಉಲ್ಲೇಖ ಹೇಗೆ ಬರೆಯಬೇಕೆಂದು ತೋರಿಸಲು ಒಂದು ಕಾಲ್ಪನಿಕ ಲೇಖನದ ಹೆಸರು ಹಾಕಿತ್ತು. ಮೂರು ಲೇಖಕರು, 2000ದ ಇಸವಿ, ವೈಜ್ಞಾನಿಕ ಲೇಖನ ಬರೆಯುವ ಕಲೆಯ ಬಗ್ಗೆ ಶೀರ್ಷಿಕೆ. ಅಂಥ ಲೇಖನವೇ ಇಲ್ಲ. ಆದರೂ ಅದು ಸುಮಾರು 400 ಪ್ರಕಟಿತ ಬರಹಗಳ ಉಲ್ಲೇಖಪಟ್ಟಿಗಳಲ್ಲಿ ಸೇರಿಕೊಂಡಿದೆ ಎಂದು 2017ರಲ್ಲಿ ಬೆಳಕಿಗೆ ಬಂತು. ಬಹಳಷ್ಟು ಕಡೆ ಮಾದರಿ ಕಡತದ ಸಾಲನ್ನು ಅಳಿಸಲು ಮರೆತಿದ್ದರು ಅಷ್ಟೆ. ಪರಿಶೀಲಕರು, ಸಂಪಾದಕರು ಯಾರೂ ನೋಡಿರಲಿಲ್ಲ. ಉಲ್ಲೇಖಪಟ್ಟಿಯನ್ನು ಯಾರೂ ಓದುವುದಿಲ್ಲ ಎಂದು ಬರೆಯುವವರೂ ನಂಬಿದ್ದರು, ಓದಬೇಕಾದವರೂ ನಂಬಿದ್ದರು.

ಮೂಲವನ್ನು ನೋಡದೆ ಇನ್ನೊಬ್ಬರ ಬರಹದಲ್ಲಿ ಕಂಡ ಮಾತನ್ನು ಬಳಸಬೇಕಾದಾಗ ಹಾಗೆಂದೇ ಹೇಳಬೇಕು: ಇಂಥವರ ಈ ಮಾತನ್ನು ಇಂಥವರು ಉಲ್ಲೇಖಿಸಿದ್ದಾರೆ, ನಾನು ಓದಿದ್ದು ಎರಡನೆಯವರನ್ನು. ವಿದ್ಯಾರ್ಥಿಗಳಿಗೆ ಇದರಲ್ಲಿ ಅವಮಾನ ಕಾಣುತ್ತದೆ. ದೊಡ್ಡ ಹೆಸರನ್ನು ನೇರವಾಗಿ ಹಾಕಿದರೆ ಗತ್ತು ಹೆಚ್ಚು ಎಂದು ಅವರ ಎಣಿಕೆ.

ಇನ್ನು ಯಾವುದಕ್ಕೆ ಉಲ್ಲೇಖ ಬೇಡ? ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎನ್ನಲು ಯಾರ ಹೆಸರೂ ಬೇಡ. ಎಲ್ಲರಿಗೂ ತಿಳಿದದ್ದು, ಯಾವ ವಿಶ್ವಕೋಶದಲ್ಲೂ ಸಿಗುವಂಥದ್ದು, ಯಾರೂ ತಕರಾರು ತೆಗೆಯದಂಥದ್ದು ಸಾಮಾನ್ಯ ತಿಳಿವಳಿಕೆ. ಆದರೆ ಆ 'ಎಲ್ಲರು' ಯಾರು ಎಂಬುದು ಓದುಗರ ಮೇಲೆ ನಿಂತಿದೆ. ಭೌತಶಾಸ್ತ್ರದವರ ನಡುವೆ ಹೇಳದೆ ನಡೆಯುವ ಸಂಗತಿಗೆ ಇತಿಹಾಸದ ಪ್ರಬಂಧದಲ್ಲಿ ಆಧಾರ ಕೊಡಬೇಕಾದೀತು. ಹೊಸಬರಿಗೆ ತಮ್ಮ ಕ್ಷೇತ್ರದಲ್ಲಿ ಯಾವುದು ಎಲ್ಲರಿಗೂ ಗೊತ್ತಿರುವುದು ಎಂಬುದೇ ಗೊತ್ತಿರುವುದಿಲ್ಲ. ಅನುಮಾನವಿದ್ದಲ್ಲಿ ಉಲ್ಲೇಖಿಸಿ ಎಂಬ ಸಲಹೆ ತಪ್ಪಲ್ಲ, ಆದರೆ ಹೆದರಿದ ವಿದ್ಯಾರ್ಥಿ ಅದನ್ನು ಎಲ್ಲಿಗೆ ಮುಟ್ಟಿಸುತ್ತಾನೆಂದರೆ ಒಂದೊಂದು ವಾಕ್ಯದ ಬಾಲಕ್ಕೂ ಒಂದು ಆವರಣ, ಪ್ಯಾರಾದಲ್ಲಿ ಅವನ ಸ್ವಂತದ್ದೆಂದರೆ 'ಮತ್ತು', 'ಆದ್ದರಿಂದ' ಎರಡೇ. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥ ಶುರುವಿನಲ್ಲೇ ಓದುಗನಿಗೆ ಮಾತು ಕೊಡುತ್ತಾನೆ, ಆಧಾರವಿಲ್ಲದ್ದನ್ನು ಬರೆಯುವುದಿಲ್ಲ, ಬೇಡದ್ದನ್ನು ಹೇಳುವುದಿಲ್ಲ ಎಂದು. ಸಂಶೋಧನೆಯ ಬಗ್ಗೆ ಭಾಷಣ ಮಾಡುವವರೆಲ್ಲ ಆ ಮಾತಿನ ಮೊದಲರ್ಧವನ್ನೇ ಎತ್ತಿ ಆಡುತ್ತಾರೆ. ನಮ್ಮ ವಿದ್ಯಾರ್ಥಿಗಳಿಗೆ ಅಷ್ಟೇ ಬೇಕಾದದ್ದು ಎರಡನೆಯ ಅರ್ಧ.

ಕನ್ನಡದಲ್ಲಿ ಬರೆಯುವವರು ಹೆಚ್ಚು ಎಚ್ಚರವಾಗಿರಬೇಕಾದ ಜಾಗ ಒಂದಿದೆ, ಅದು ಅನುವಾದ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆದರೆ ವಾಕ್ಯ ತಾನೇತಾನಾಗಿ 'ತನ್ನದು' ಆಗಿಬಿಡುತ್ತದೆ ಎಂಬ ಭ್ರಮೆ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಕಲಿಸುವವರಿಗೂ ಇದೆ. ಒಂದೊಂದು ಪದವೂ ಹೊಸದಲ್ಲವೇ, ಶ್ರಮವೂ ನನ್ನದಲ್ಲವೇ ಎಂದು. ಶ್ರಮ ನಿಜ, ಅದು ಅನುವಾದಕನ ಶ್ರಮ, ಹಾಗೆಂದು ಹೇಳಿಕೊಂಡರೆ ಗೌರವವೂ ಸಿಗುತ್ತದೆ. ಸಾಲನ್ನು ನೇರವಾಗಿ ತಂದಿದ್ದರೆ ಉದ್ಧರಣ ಚಿಹ್ನೆಯೊಳಗಿಟ್ಟು 'ಅನುವಾದ ನನ್ನದು' ಎಂದು ಸೇರಿಸುವುದು ಲೋಕಾರೂಢಿ. ತಂತ್ರಾಂಶಗಳು ಈ ಬಗೆಯ ಎತ್ತುವಳಿಯನ್ನು ಹಿಡಿಯುವಲ್ಲಿ ಹಿಂದೆ, ಅದರಲ್ಲೂ ಅಂತರ್ಜಾಲದಲ್ಲಿ ಪಠ್ಯ ಕಡಿಮೆಯಿರುವ ಭಾಷೆಗಳಲ್ಲಿ. ಆ ಕಾರಣಕ್ಕೇ ಇದು ಹೆಚ್ಚು ನಡೆಯುತ್ತದೆ ಎಂದು ನನ್ನ ಗುಮಾನಿ.

ತಂತ್ರಾಂಶದ ಮಾತು ಬಂತು. ಟರ್ನಿಟಿನ್ 1998ರಲ್ಲಿ ಹುಟ್ಟಿದ ಕಂಪನಿ. ಈಗ ಈ ಬಗೆಯ ಹಲವು ಸಾಧನಗಳಿವೆ. ಇವು ಮಾಡುವ ಕೆಲಸ ಒಂದೇ: ಕೊಟ್ಟ ಪಠ್ಯದ ಎಷ್ಟು ಭಾಗ ತಮ್ಮ ಸಂಗ್ರಹದಲ್ಲಿರುವ ಪಠ್ಯಗಳ ಜೊತೆ ಹೊಂದುತ್ತದೆ ಎಂದು ಹೇಳುವುದು. ಹೊಂದಿಕೆ ಬೇರೆ, ಕಳವು ಬೇರೆ. ತಯಾರಿಸಿದವರೇ ಇದನ್ನು ಹೇಳುತ್ತಾರೆ. ಸರಿಯಾಗಿ ಚಿಹ್ನೆಯೊಳಗಿಟ್ಟ ಉದ್ಧರಣೆ, ಉಲ್ಲೇಖಪಟ್ಟಿ, ಎಲ್ಲರೂ ಬಳಸುವ ಪಾರಿಭಾಷಿಕ ನುಡಿಗಟ್ಟು ಎಲ್ಲವೂ ಶೇಕಡಾವಾರಿಗೆ ಸೇರಬಹುದು. ಶೇ. 25 ಬಂದ ಪ್ರಬಂಧ ನಿರ್ದೋಷಿಯಾಗಿರಬಹುದು, ಶೇ. 4 ಬಂದದ್ದರಲ್ಲಿ ವಾದದ ಜೀವಾಳವಾದ ಪ್ಯಾರಾ ಇಡಿಯಾಗಿ ಎತ್ತಿದ್ದಿರಬಹುದು. ಆದರೆ ಅಂಕಿ ಕೈಗೆ ಸಿಕ್ಕಿದ ಮೇಲೆ ಯಾರಿಗೆ ವರದಿ ಓದುವ ತಾಳ್ಮೆ? ಇಷ್ಟು ಶೇಕಡಾದೊಳಗಿದ್ದರೆ ಪಾಸು ಎಂದು ಒಂದು ಗೆರೆ ಎಳೆದುಬಿಡುತ್ತೇವೆ. ಅಲ್ಲಿಗೆ ವಿದ್ಯಾರ್ಥಿಯ ಗುರಿಯೂ ಬದಲಾಗುತ್ತದೆ. ಪ್ರಾಮಾಣಿಕವಾಗಿ ಬರೆಯುವುದು ಹೋಗಿ, ಅಂಕಿ ಇಳಿಸುವುದು ಕೆಲಸವಾಗುತ್ತದೆ.

ಅಂಕಿ ಇಳಿಸಲು ಪದ ತಿರುಚಿ ಕೊಡುವ ಯಂತ್ರಗಳೇ ಇವೆ. ಅವುಗಳ ಕರಾಮತ್ತನ್ನು 2021ರಲ್ಲಿ ಗಿಯೋಮ್ ಕಬನಾಕ್, ಸಿರಿಲ್ ಲಬೇ, ಅಲೆಕ್ಸಾಂಡರ್ ಮಗಾಜಿನೋವ್ ಎಂಬ ಮೂವರು ಬಯಲಿಗೆಳೆದರು. ಪ್ರಕಟಿತ ವಿಜ್ಞಾನ ಲೇಖನಗಳಲ್ಲೇ 'ಕೃತಕ ಬುದ್ಧಿಮತ್ತೆ' ಇರಬೇಕಾದಲ್ಲಿ 'ನಕಲಿ ಪ್ರಜ್ಞೆ' ಎಂದೂ 'ಸ್ತನ ಕ್ಯಾನ್ಸರ್' ಇರಬೇಕಾದಲ್ಲಿ 'ಎದೆಯ ಗಂಡಾಂತರ' ಎಂದೂ ಅರ್ಥ ಬರುವ ಇಂಗ್ಲಿಷ್ ಪದಗಳು ಸಿಕ್ಕವು. ಯಂತ್ರಕ್ಕೆ ಸಮಾನಾರ್ಥಕ ಪದ ಗೊತ್ತು, ವಿಷಯ ಗೊತ್ತಿಲ್ಲ. ಮೇಲೆ ಗಾಳಿಯನ್ನು ವಾಯು ಮಾಡಿದ ವಿದ್ಯಾರ್ಥಿಯ ಕೆಲಸವನ್ನೇ ಇದು ದೊಡ್ಡ ಪ್ರಮಾಣದಲ್ಲಿ, ನಾಚಿಕೆಯಿಲ್ಲದೆ ಮಾಡಿದೆ.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ಬಂದ ಮೇಲೆ ಸಮಸ್ಯೆಯ ಮುಖ ಬದಲಾಗಿದೆ. ಮೊದಲು ಇದ್ದ ಮೂಲವನ್ನು ಮುಚ್ಚಿಡುತ್ತಿದ್ದರು, ಈಗ ಇಲ್ಲದ ಮೂಲವನ್ನು ತೋರಿಸುತ್ತಾರೆ. ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರಿನಲ್ಲಿ. ಮರುವರ್ಷವೇ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ವಕೀಲರು ಅದು ಹೊಸೆದುಕೊಟ್ಟ ತೀರ್ಪುಗಳನ್ನು ನಿಜವೆಂದು ಉಲ್ಲೇಖಿಸಿ 5,000 ಡಾಲರ್ ದಂಡ ತೆತ್ತರು. ಹೆಸರು, ಇಸವಿ, ಪುಟ ಎಲ್ಲವೂ ಅಚ್ಚುಕಟ್ಟು, ಮೊಕದ್ದಮೆ ಮಾತ್ರ ನಡೆದೇ ಇರಲಿಲ್ಲ. ವಿದ್ಯಾರ್ಥಿಗಳ ಪಟ್ಟಿಗಳಲ್ಲಿ ಇಂಥ ಭೂತಗಳು ಈಗ ಮಾಮೂಲು. ಅಲ್ಪವಿರಾಮ, ಚುಕ್ಕೆಗಳಲ್ಲಿ ಒಂದು ದೋಷವೂ ಇರುವುದಿಲ್ಲ ಅವುಗಳಲ್ಲಿ! ಇಷ್ಟು ವರ್ಷ ನಾವು ಕಲಿಸಿದ್ದು ಚುಕ್ಕೆಗಳನ್ನೇ ಅಲ್ಲವೇ, ಯಂತ್ರ ಅದನ್ನು ನಮಗಿಂತ ಚೆನ್ನಾಗಿ ಕಲಿತುಕೊಂಡಿದೆ.

ಯಂತ್ರ ಬರೆದದ್ದನ್ನು ಯಂತ್ರದಿಂದಲೇ ಹಿಡಿಯುತ್ತೇವೆ ಎನ್ನುವವರ ಮೇಲೆ ನನಗೆ ನಂಬಿಕೆಯಿಲ್ಲ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಇಂಥ ಏಳು ಸಾಧನಗಳಿಗೆ ಕೊಟ್ಟು ನೋಡಿದಾಗ, ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಯಂತ್ರದ್ದೆಂದು ತಪ್ಪು ತೀರ್ಪು ಬಂತು. ಸೀಮಿತ ಪದಗಳಲ್ಲಿ, ಕಲಿತ ಮಾದರಿಯ ವಾಕ್ಯಗಳಲ್ಲಿ ಬರೆಯುವವರು ಯಂತ್ರದಂತೆ ಕಂಡರು. ಅಂದರೆ ಎರಡನೆಯ ಭಾಷೆಯಲ್ಲಿ ಕಷ್ಟಪಟ್ಟು ಬರೆಯುವ ನಮ್ಮ ವಿದ್ಯಾರ್ಥಿಗಳೇ. ನನ್ನ ತರಗತಿಯಲ್ಲಿ ನಿಯಮ ಇಷ್ಟೇ: ಚಾಟ್‌ಬಾಟ್ ಬಳಸಿದ್ದರೆ ಎಲ್ಲಿ, ಯಾತಕ್ಕೆ ಎಂದು ಬರೆಯಿರಿ, ಅದು ಹೇಳಿದ ಯಾವ ಮೂಲವನ್ನೂ ಕಣ್ಣಾರೆ ಕಾಣದೆ ಪಟ್ಟಿಗೆ ಸೇರಿಸಬೇಡಿ. ಅದನ್ನೇ ಲೇಖಕ ಎಂದು ಹಾಕುವ ಹಾಗಿಲ್ಲ, ಬರೆದದ್ದಕ್ಕೆ ಹೊಣೆ ಹೊರಲು ಅದಕ್ಕೆ ಆಗುವುದಿಲ್ಲ. ಪ್ರಕಟಣಾ ನೀತಿಯ ಸಮಿತಿಯಾದ ಕೋಪ್ ಕೂಡ 2023ರಲ್ಲಿ ಹೇಳಿದ್ದು ಇದನ್ನೇ.

ಉಲ್ಲೇಖ ಬರೆಯುವ ಶೈಲಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘದ ಎಪಿಎ ಶೈಲಿ 1929ರಲ್ಲಿ ಏಳು ಪುಟಗಳ ಲೇಖನವಾಗಿ ಶುರುವಾಗಿ ಈಗ ನಾನೂರು ಪುಟ ದಾಟಿದ ಗ್ರಂಥವಾಗಿದೆ. ಶಿಕಾಗೋ ಶೈಲಿಯ ಕೈಪಿಡಿ 1906ರಿಂದ ಬೆಳೆಯುತ್ತಲೇ ಇದೆ. ವಿಭಾಗ ಯಾವುದನ್ನು ಹೇಳುತ್ತದೋ ಅದನ್ನು ಹಿಡಿಯಿರಿ, ನಡುವೆ ಬದಲಿಸಬೇಡಿ. ಚುಕ್ಕೆ-ಗೆರೆಯ ಕೆಲಸಕ್ಕೆ ಝೊಟೆರೊ ಎಂಬ ತಂತ್ರಾಂಶ ಇದೆ, 2006ರಿಂದ ಉಚಿತವಾಗಿ ಸಿಗುತ್ತಿದೆ. ಅದು ಹೆಕ್ಕಿ ತಂದ ವಿವರವನ್ನು ಒಮ್ಮೆ ಪುಸ್ತಕದ ಜೊತೆ ತಾಳೆ ನೋಡಿ, ಯಾಕೆಂದರೆ ಮೂಲ ದತ್ತಾಂಶ ತಪ್ಪಿದ್ದರೆ ಅದೂ ನಿಷ್ಠೆಯಿಂದ ತಪ್ಪನ್ನೇ ತರುತ್ತದೆ. ಎಲ್ಲರಿಗೂ ಮನೆತನದ ಹೆಸರು ಇರುತ್ತದೆಂದು ನಂಬಿದ ಈ ವ್ಯವಸ್ಥೆಗಳು ಕನ್ನಡ ಲೇಖಕರ ಹೆಸರುಗಳನ್ನು ಹಿಂದುಮುಂದು ಮಾಡಿ ಇಡುವುದೂ ಉಂಟು. ಹೆಸರನ್ನು ಲೇಖಕರು ಬರೆದುಕೊಂಡ ಹಾಗೇ ಉಳಿಸಿ ಎಂಬುದು ನನ್ನ ಪಕ್ಷ. ಮನೆತನದ ಹೆಸರು ಬಳಸದ ಐಸ್‌ಲೆಂಡಿನವರ ಹೆಸರನ್ನು ಇದ್ದಹಾಗೇ ಬಿಡುವ ರಿಯಾಯಿತಿ ನಮಗೂ ಸಲ್ಲಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಅಧ್ಯಾಪಕರ ಪಾಲಿನ ಒಂದು ಮಾತು. ವರ್ಷವರ್ಷವೂ ಅದೇ ಪ್ರಶ್ನೆ ಕೊಟ್ಟು, ಕೊನೆಯ ದಿನ ಒಂದೇ ಸಲ ಪ್ರಬಂಧ ಕೇಳಿದರೆ ನಕಲಿಗೆ ಎಲೆ ಹಾಕಿ ಕರೆದ ಹಾಗೆ. ಪ್ರಶ್ನೆಯೇ ಕಿರಿದಾಗಿರಬೇಕು. 'ಗುಡುಗು-ಮಿಂಚು' ಎಂದರೆ ಇಡೀ ಅಂತರ್ಜಾಲವೇ ಉತ್ತರ. 'ಈ ಎರಡು ಲೇಖನಗಳು ಗುಡುಗನ್ನು ವಿವರಿಸುವುದರಲ್ಲಿ ಎಲ್ಲಿ ಬೇರೆಯಾಗುತ್ತವೆ' ಎಂದರೆ ಓದದೆ ವಿಧಿಯಿಲ್ಲ. ಅಂಕಗಳನ್ನೂ ಹಂಚಬೇಕು, ನೋಟ್ಸಿಗಿಷ್ಟು, ಸಾರಾಂಶಕ್ಕಿಷ್ಟು, ಕರಡಿಗಿಷ್ಟು. ಕರಡಿನಲ್ಲಿ ಸಿಕ್ಕ ಎತ್ತುವಳಿಗೆ ಶಿಕ್ಷೆ ಬೇಡ, ಅದು ತಿದ್ದುವ ಜಾಗ. ಹಾಗೆ ಸಿಕ್ಕಾಗ ವಿದ್ಯಾರ್ಥಿಯನ್ನು ಒಬ್ಬರೇ ಇದ್ದಾಗ ಕರೆದು, ಮೂಲವನ್ನೂ ಕರಡನ್ನೂ ಪಕ್ಕಪಕ್ಕ ಇಟ್ಟು, "ಇಲ್ಲಿ ನೀವು ಹೇಳಬೇಕೆಂದಿದ್ದದ್ದು ಏನು?" ಎಂದು ಕೇಳಿದರೆ ಸಾಕು. ಬಾಯಲ್ಲಿ ಹೇಳಿದ್ದನ್ನು ಹಾಗೇ ಬರೆಯಿರಿ ಎಂದಾಗ ಅರ್ಧ ಸಮಸ್ಯೆ ಅಲ್ಲೇ ಪರಿಹಾರವಾಗುತ್ತದೆ. ಉತ್ತರವೇ ಬರದಿದ್ದರೆ ಅವರು ಅದನ್ನು ಓದಿಲ್ಲ, ಮತ್ತೆ ಓದಿಗೇ ಕಳಿಸಬೇಕು.

ಇದೆಲ್ಲ ಸಮಯ ತಿನ್ನುವ ಕೆಲಸ, ತರಗತಿಗಳು ದೊಡ್ಡವು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಇಡೀ ತರಗತಿಯ ಎಲ್ಲ ಉಲ್ಲೇಖಗಳನ್ನು ಪರಿಶೀಲಿಸುವುದು ಯಾರ ಕೈಯಲ್ಲೂ ಆಗದು. ನಾನು ಒಂದೊಂದು ಪಟ್ಟಿಯಿಂದಲೂ ಎರಡು ನಮೂದುಗಳನ್ನು ಮನಸ್ಸಿಗೆ ಬಂದಂತೆ ಆರಿಸಿ, ಮುಂದಿನ ತರಗತಿಗೆ ಆ ಪುಟಗಳನ್ನು ತಂದು ತೋರಿಸಿ ಎನ್ನುತ್ತೇನೆ. ಯಾವ ಎರಡು ಎಂದು ಮುಂಚೆ ಗೊತ್ತಾಗದ ಕಾರಣ ಎಲ್ಲವನ್ನೂ ಕೈಗೆ ಸಿಗುವಂತೆ ಇಟ್ಟುಕೊಂಡಿರುತ್ತಾರೆ. ಪ್ರಬಂಧ ಒಪ್ಪಿಸುವ ಹಿಂದಿನ ದಿನ ಪಟ್ಟಿಯಿಂದ ನಾಲ್ಕಾರು ಹೆಸರುಗಳನ್ನು ತಾವೇ ಅಳಿಸಿ ಬರುವವರೂ ಇದ್ದಾರೆ.